ಗೋಡೆಯೊಳಗಿನ ಗಡಿಯಾರ: ಜಾನ್ ಬೆಲೇರ್ಸ್ ಅವರ ಮಕ್ಕಳ ಕಾದಂಬರಿಯಲ್ಲಿ ಹಳೆಯ ಮನೆ, ಗುಟ್ಟು ಮತ್ತು ಹೊಣೆ

1. ಪ್ರವೇಶ

ಹಳೆಯದೊಂದು ಮನೆಗೆ ವಾಸಕ್ಕೆ ಬರುವ ಮಗು, ಆ ಮನೆಯಲ್ಲಿ ಅಡಗಿರುವ ರಹಸ್ಯ, ಕೊನೆಗೆ ಆ ರಹಸ್ಯದ ಬಯಲು - ಇಂಗ್ಲಿಷಿನ ಮಕ್ಕಳ ಸಾಹಿತ್ಯದಲ್ಲಿ ಇಪ್ಪತ್ತನೆಯ ಶತಮಾನದ ಉದ್ದಕ್ಕೂ ಮತ್ತೆ ಮತ್ತೆ ಕಾಣಿಸಿಕೊಂಡ ಕಥನ ಮಾದರಿಯಿದು. ಮೇಲುನೋಟಕ್ಕೆ ಇದು ಕುತೂಹಲವನ್ನು ಕೆರಳಿಸುವ ಸುಲಭ ತಂತ್ರವೆಂದು ತೋರುತ್ತದೆ. ಕತ್ತಲೆಯ ಕೋಣೆ, ಮುಚ್ಚಿದ ಬಾಗಿಲು, ರಾತ್ರಿ ಕೇಳಿಬರುವ ಸದ್ದು ಇವೆಲ್ಲವೂ ಎಳೆಯ ಓದುಗರನ್ನು ಹಿಡಿದಿಡುವ ಸಿದ್ಧ ಸಾಮಗ್ರಿಗಳೇ ಆಗಿವೆ. ಆದರೆ ಈ ಮಾದರಿಯ ಉತ್ತಮ ಕೃತಿಗಳಲ್ಲಿ ಮನೆಯು ಕೇವಲ ಭಯದ ಹಿನ್ನೆಲೆಯಾಗಿ ಉಳಿಯುವುದಿಲ್ಲ. ಅದು ಮಗುವಿನ ಸ್ಥಾನದ ಪ್ರಶ್ನೆಯಾಗಿ ಮಾರ್ಪಡುತ್ತದೆ. ಈ ಮನೆಯಲ್ಲಿ ತಾನು ಯಾರು? ಬಂದು ಹೋಗುವ ನೆಂಟನೋ, ಮನೆಯವನೋ? ಈ ಪ್ರಶ್ನೆಗೆ ಉತ್ತರ ಸಿಗದೆ ರಹಸ್ಯವೂ ಬಗೆಹರಿಯುವುದಿಲ್ಲ.

ಅಮೆರಿಕದ ಲೇಖಕ ಜಾನ್ ಬೆಲೇರ್ಸ್ ಅವರು 1973ರಲ್ಲಿ ಪ್ರಕಟಿಸಿದ 'ದಿ ಹೌಸ್ ವಿತ್ ಎ ಕ್ಲಾಕ್ ಇನ್ ಇಟ್ಸ್ ವಾಲ್ಸ್' ಕಾದಂಬರಿಯನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ. ಗೋಡೆಗಳೊಳಗೆ ಗಡಿಯಾರವಿರುವ ಮನೆ ಎಂಬುದು ಈ ಶೀರ್ಷಿಕೆಯ ಅರ್ಥ. ಶೀರ್ಷಿಕೆಯೇ ಮನೆಯ ಗುಟ್ಟನ್ನು ಮೊದಲಿಗೇ ಹೇಳಿಬಿಡುವುದು ಗಮನಾರ್ಹ. ಗೋಡೆಯೊಳಗೆ ಏನಿದೆ ಎಂಬುದು ಓದುಗನಿಗೆ ಪುಸ್ತಕವನ್ನು ತೆರೆಯುವ ಮೊದಲೇ ತಿಳಿದಿರುವಾಗ, ಕಾದಂಬರಿಯ ನಿಜವಾದ ರಹಸ್ಯ ಬೇರೆಲ್ಲೋ ಇರಬೇಕಾಗುತ್ತದೆ. ಆ ರಹಸ್ಯ ಮನೆಯಲ್ಲಿಲ್ಲ, ಹುಡುಗನಲ್ಲಿದೆ ಎಂಬುದು ಇಲ್ಲಿನ ಮುಖ್ಯ ಪ್ರತಿಪಾದನೆ.

2. ಪ್ರಕಾರದ ಹಿನ್ನೆಲೆ

ಹಳೆಯ ಮನೆಯ ಕಥೆಗಳ ಮೂಲವನ್ನು ಸಾಮಾನ್ಯವಾಗಿ ಇಂಗ್ಲೆಂಡಿನ ಗಾಥಿಕ್ ಕಾದಂಬರಿಗಳಲ್ಲಿ ಗುರುತಿಸಲಾಗುತ್ತದೆ. 1764ರಲ್ಲಿ ಪ್ರಕಟವಾದ ಹೊರೇಸ್ ವಾಲ್‌ಪೋಲ್‌ನ 'ದಿ ಕ್ಯಾಸಲ್ ಆಫ್ ಒಟ್ರಾಂಟೊ' ಈ ಪರಂಪರೆಯ ಮೊದಲ ಕೃತಿಯೆಂದು ಪರಿಗಣಿತವಾಗಿದೆ. ಅಲ್ಲಿ ಕೋಟೆಯು ಹಿಂದಿನ ತಲೆಮಾರಿನ ಪಾಪವನ್ನು ತನ್ನೊಳಗೆ ಇಟ್ಟುಕೊಂಡ ಕಟ್ಟಡ. ಹಿಂದಿನವರು ಮಾಡಿದ ಅನ್ಯಾಯಕ್ಕೆ ಇಂದಿನವರು ಬೆಲೆ ತೆರಬೇಕೆಂಬುದು ಗಾಥಿಕ್ ಕಥನದ ಒಳಸೂತ್ರ. ಮಕ್ಕಳ ಸಾಹಿತ್ಯವು ಈ ಸೂತ್ರವನ್ನು ಎರವಲು ಪಡೆದು, ಕೋಟೆಯ ಜಾಗದಲ್ಲಿ ಮನೆಯನ್ನೂ ವಾರಸುದಾರನ ಜಾಗದಲ್ಲಿ ಹೊಸದಾಗಿ ಬಂದ ಮಗುವನ್ನೂ ಇರಿಸಿತು.

ಎರಡನೆಯ ಮಹಾಯುದ್ಧದ ನಂತರದ ಕೆಲವು ಕೃತಿಗಳನ್ನು ಇಲ್ಲಿ ನೆನೆಯಬಹುದು. ಲೂಸಿ ಬಾಸ್ಟನ್ ಅವರ 'ದಿ ಚಿಲ್ಡ್ರನ್ ಆಫ್ ಗ್ರೀನ್ ನೋ' (1954) ಕೃತಿಯಲ್ಲಿ ಟಾಲಿ ಎಂಬ ಬಾಲಕ ತನ್ನ ಮುತ್ತಜ್ಜಿಯ ಪುರಾತನ ಮನೆಗೆ ಬಂದು, ಅಲ್ಲಿ ಶತಮಾನಗಳ ಹಿಂದೆ ಬದುಕಿದ್ದ ಮಕ್ಕಳ ಸಾನ್ನಿಧ್ಯವನ್ನು ಅನುಭವಿಸುತ್ತಾನೆ. ಫಿಲಿಪ್ಪಾ ಪಿಯರ್ಸ್ ಅವರ 'ಟಾಮ್ಸ್ ಮಿಡ್‌ನೈಟ್ ಗಾರ್ಡನ್' (1958) ಕೃತಿಯಲ್ಲಿ ತಮ್ಮನಿಗೆ ದಡಾರ ಬಂದ ಕಾರಣ ಚಿಕ್ಕಮ್ಮನ ಮನೆಗೆ ಕಳುಹಿಸಲ್ಪಟ್ಟ ಟಾಮ್, ಹಜಾರದ ಗಡಿಯಾರ ಹದಿಮೂರು ಹೊಡೆದಾಗ ಹಗಲಿನಲ್ಲಿ ಇಲ್ಲದ ತೋಟವೊಂದನ್ನು ಪ್ರವೇಶಿಸುತ್ತಾನೆ. ನೀಲ್ ಗೈಮನ್ ಅವರ 'ಕೊರಲೈನ್' (2002) ಕೃತಿಯ ಹುಡುಗಿಗೆ ಹೊಸದಾಗಿ ಬಂದ ಮನೆಯಲ್ಲಿ ಇಟ್ಟಿಗೆಯಿಂದ ಮುಚ್ಚಿದ ಬಾಗಿಲೊಂದು ಸಿಗುತ್ತದೆ. ಅದರಾಚೆ ಗುಂಡಿಯ ಕಣ್ಣುಗಳುಳ್ಳ ಇನ್ನೊಬ್ಬ ತಾಯಿ ಕಾದಿರುತ್ತಾಳೆ. ಈ ಮೂರು ಕೃತಿಗಳ ಧಾಟಿಗಳು ಬೇರೆ ಬೇರೆ. ಆದರೂ ಮಗು ತನ್ನ ಇಚ್ಛೆಯಿಂದ ಆ ಮನೆಗೆ ಬಂದದ್ದಲ್ಲ ಎಂಬುದು ಮೂರರಲ್ಲೂ ಸಾಮಾನ್ಯ. ಹಿರಿಯರ ತೀರ್ಮಾನ ಅದನ್ನು ಅಲ್ಲಿಗೆ ತಂದಿರುತ್ತದೆ.

ಪತ್ತೇದಾರಿ ಕಾದಂಬರಿಯಿಂದ ಈ ಪ್ರಕಾರವನ್ನು ಬೇರ್ಪಡಿಸುವ ಅಂಶವೂ ಇದೇ ಆಗಿದೆ. ಕನ್ನಡದ ಓದುಗರಿಗೆ ಪರಿಚಿತನಾದ ಪತ್ತೇದಾರ ಹೊರಗಿನಿಂದ ಬರುತ್ತಾನೆ, ಸುಳಿವುಗಳನ್ನು ಕಲೆಹಾಕುತ್ತಾನೆ, ಅಪರಾಧಿಯನ್ನು ಗುರುತಿಸಿ ಹೊರಟುಹೋಗುತ್ತಾನೆ. ಆ ಮನೆಯಲ್ಲಿ ಅವನು ಬಾಳಬೇಕಾಗಿಲ್ಲ. ಹಳೆಯ ಮನೆಗೆ ಬಂದ ಮಗುವಿಗೆ ಹೊರಟುಹೋಗುವ ಸ್ವಾತಂತ್ರ್ಯವಿಲ್ಲ. ರಹಸ್ಯವಿರುವ ಸ್ಥಳದಲ್ಲಿಯೇ ಅದು ಉಣ್ಣಬೇಕು, ಮಲಗಬೇಕು, ಬೆಳೆಯಬೇಕು. ಆದಕಾರಣ ಇಲ್ಲಿನ ಶೋಧನೆಯು ಬುದ್ಧಿಯ ವ್ಯಾಯಾಮವಾಗಿರದೆ ನೆಲೆ ಕಂಡುಕೊಳ್ಳುವ ಪ್ರಯತ್ನವಾಗಿರುತ್ತದೆ.

3. ಲೇಖಕ, ಊರು ಮತ್ತು ಮನೆ

ಜಾನ್ ಬೆಲೇರ್ಸ್ (1938-1991) ಅಮೆರಿಕದ ಮಿಷಿಗನ್ ರಾಜ್ಯದ ಮಾರ್ಷಲ್ ಎಂಬ ಸಣ್ಣ ಊರಿನಲ್ಲಿ ಜನಿಸಿದವರು. ನೋಟ್ರ ಡೇಮ್ ಮತ್ತು ಷಿಕಾಗೋ ವಿಶ್ವವಿದ್ಯಾಲಯಗಳಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಅಭ್ಯಾಸ ಮಾಡಿ, ಕೆಲಕಾಲ ಅಧ್ಯಾಪಕರಾಗಿದ್ದರು. 1969ರಲ್ಲಿ ಪ್ರಕಟವಾದ 'ದಿ ಫೇಸ್ ಇನ್ ದಿ ಫ್ರಾಸ್ಟ್' ವಯಸ್ಕರಿಗಾಗಿ ಬರೆದ ಮಾಂತ್ರಿಕ ಕಾದಂಬರಿ. ಪ್ರಸ್ತುತ ಕೃತಿಯನ್ನೂ ಅವರು ಮೊದಲು ವಯಸ್ಕರಿಗಾಗಿಯೇ ಬರೆದಿದ್ದು, ನಂತರ ಎಳೆಯರ ಕಾದಂಬರಿಯಾಗಿ ತಿದ್ದಿ ಬರೆದರು. ಕೃತಿಯ ಧ್ವನಿಯಲ್ಲಿ ಮಕ್ಕಳನ್ನು ಓಲೈಸುವ ಕೃತಕತೆ ಇಲ್ಲದಿರುವುದಕ್ಕೆ ಈ ಹಿನ್ನೆಲೆಯೂ ಒಂದು ಕಾರಣವಿರಬಹುದು. ಕಲಾವಿದ ಎಡ್ವರ್ಡ್ ಗೋರಿ ಇದಕ್ಕೆ ಕಪ್ಪು ಬಿಳುಪಿನ ಚಿತ್ರಗಳನ್ನು ರಚಿಸಿದರು. ಒತ್ತೊತ್ತಾದ ಗೀಟುಗಳಿಂದ ನೆರಳನ್ನು ಕಟ್ಟುವ ಅವರ ಶೈಲಿ ಭಯ ಮತ್ತು ವಿನೋದ ಎರಡನ್ನೂ ಒಟ್ಟಿಗೆ ಹಿಡಿದಿಡುವಂಥದ್ದು.

ಕಾದಂಬರಿಯ ನ್ಯೂ ಜೆಬೆಡೀ ಎಂಬ ಕಾಲ್ಪನಿಕ ಊರು ಮಾರ್ಷಲ್‌ನ ಪ್ರತಿರೂಪವಾಗಿದೆ. ಕಥೆಯ ಮನೆಗೆ ಪ್ರೇರಣೆಯಾದದ್ದು ಆ ಊರಿನಲ್ಲಿ 1872ರಲ್ಲಿ ಕಟ್ಟಲ್ಪಟ್ಟ, ಗೋಪುರವುಳ್ಳ ಕ್ರೋನಿನ್ ಹೌಸ್ ಎಂಬ ಭವ್ಯ ಕಟ್ಟಡ. ಇಷ್ಟು ಸಣ್ಣ ಊರಿನಲ್ಲಿ ಇಂಥ ಕಟ್ಟಡಗಳು ಏಕಿವೆ ಎಂಬುದಕ್ಕೆ ಚರಿತ್ರೆಯಲ್ಲಿ ಉತ್ತರವಿದೆ. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಮಾರ್ಷಲ್ ತಾನು ಮಿಷಿಗನ್ ರಾಜ್ಯದ ರಾಜಧಾನಿಯಾಗುವೆನೆಂದು ನಂಬಿತ್ತು. 1839ರಲ್ಲಿಯೇ ಅಲ್ಲಿ ರಾಜ್ಯಪಾಲರಿಗೆಂದು ಒಂದು ನಿವಾಸವನ್ನು ಕಟ್ಟಲಾಗಿತ್ತು. ಆದರೆ 1847ರಲ್ಲಿ ಆ ಮನ್ನಣೆ ಲ್ಯಾನ್ಸಿಂಗ್‌ಗೆ ಹೋಯಿತು. ನಿರೀಕ್ಷೆ ಸುಳ್ಳಾದ ಮೇಲೂ ಊರು ಸಿರಿವಂತ ಮನೆಗಳನ್ನು ಕಟ್ಟುತ್ತಲೇ ಹೋಯಿತು. ಅವುಗಳಲ್ಲಿ ಅನೇಕವು ಉಳಿದುಬಂದಿದ್ದು, 1991ರಲ್ಲಿ ಆ ಪ್ರದೇಶವನ್ನು ರಾಷ್ಟ್ರೀಯ ಚಾರಿತ್ರಿಕ ಪ್ರದೇಶವೆಂದು ಮಾನ್ಯ ಮಾಡಲಾಯಿತು. ತನ್ನ ಗಾತ್ರಕ್ಕೆ ಮೀರಿದ ಮನೆಗಳುಳ್ಳ ಊರು, ತನ್ನ ವಯಸ್ಸಿಗೆ ಮೀರಿದ ದುಃಖವುಳ್ಳ ಹುಡುಗ - ಈ ಎರಡನ್ನು ಬೆಲೇರ್ಸ್ ಎದುರುಬದುರಾಗಿ ನಿಲ್ಲಿಸುತ್ತಾರೆ.

4. ಕಥೆಯ ಹಂದರ

1948ರ ಬೇಸಿಗೆಯಲ್ಲಿ ಹತ್ತು ವರ್ಷದ ಲೂಯಿಸ್ ಬಾರ್ನವೆಲ್ಟ್ ಬಸ್ಸಿನಲ್ಲಿ ನ್ಯೂ ಜೆಬೆಡೀಗೆ ಬರುತ್ತಾನೆ. ಅವನ ತಂದೆ ತಾಯಿ ಕಾರು ಅಪಘಾತದಲ್ಲಿ ತೀರಿಕೊಂಡಿದ್ದಾರೆ. ಅಪರಿಚಿತನಾದ ದೊಡ್ಡ ಬಂಧು ಜೊನಾಥನ್ ಎಂಬಾತನೇ ಇನ್ನು ಮುಂದೆ ಅವನ ಪೋಷಕ. ಲೂಯಿಸ್ ದಪ್ಪಗಿನ ಹುಡುಗ, ಅಂಜುಬುರುಕ, ಆಟಗಳಲ್ಲಿ ಹಿಂದೆ. ಬಸ್ಸಿನಲ್ಲಿ ಕುಳಿತು ಅವನು ಗೊಣಗಿಕೊಳ್ಳುವ ಲ್ಯಾಟಿನ್ ಪ್ರಾರ್ಥನೆಯ ತುಣುಕು, ತನ್ನನ್ನು ಏಕೆ ದೂರ ಮಾಡಿದೆ ಎಂದು ದೇವರನ್ನು ಕೇಳುವಂಥದ್ದು. ಹುಡುಗನಿಗೆ ಅದು ಬಾಯಿಪಾಠದ ಮಾತಷ್ಟೇ ಆಗಿದ್ದರೂ ಕಾದಂಬರಿಗೆ ಅದೇ ಆರಂಭದ ಶ್ರುತಿ.

ಜೊನಾಥನ್ ಕೆಂಪು ಗಡ್ಡದ, ಪೈಪು ಸೇದುವ, ಹಾಸ್ಯಪ್ರಿಯ ವ್ಯಕ್ತಿ. ಪಕ್ಕದ ಮನೆಯ ಶ್ರೀಮತಿ ಜಿಮ್ಮರ್‌ಮನ್ ನೇರಳೆ ಬಣ್ಣದ ಮೋಹವುಳ್ಳ, ಅಡುಗೆಯಲ್ಲಿ ಪಳಗಿದ ಮಹಿಳೆ. ಅವರಿಬ್ಬರೂ ಮಂತ್ರವಿದ್ಯೆ ಬಲ್ಲವರು. ಮನೆಯ ಬಣ್ಣದ ಗಾಜಿನ ಕಿಟಕಿಗಳಲ್ಲಿ ಚಿತ್ರಗಳು ಬದಲಾಗುತ್ತಿರುತ್ತವೆ. ಕೋಟುಗಳನ್ನು ತೂಗುಹಾಕುವ ಸ್ಟ್ಯಾಂಡಿನ ಕನ್ನಡಿಯಲ್ಲಿ ದೂರದ ನೋಟಗಳು ಮೂಡುತ್ತವೆ. ಎಲ್ಲ ಕಡೆಯೂ ಗಡಿಯಾರಗಳು ಸದ್ದು ಮಾಡುತ್ತಿರುತ್ತವೆ. ರಾತ್ರಿಯಾದರೆ ಜೊನಾಥನ್ ಟಾರ್ಚು ಹಿಡಿದು ಗೋಡೆಗಳಿಗೆ ಕಿವಿಗೊಡುತ್ತ ಅಲೆಯುತ್ತಾನೆ. ಆ ಮನೆಯಲ್ಲಿ ಹಿಂದೆ ಐಸಾಕ್ ಐಜರ್ಡ್ ಮತ್ತು ಅವನ ಪತ್ನಿ ಸೆಲೆನಾ ಎಂಬ ದುಷ್ಟ ಮಾಂತ್ರಿಕರು ವಾಸವಾಗಿದ್ದರು. ಲೋಕವನ್ನೇ ಕೊನೆಗಾಣಿಸುವ ಉದ್ದೇಶದಿಂದ ಐಸಾಕ್ ಗಡಿಯಾರವೊಂದನ್ನು ಮನೆಯೊಳಗೆ ಅಡಗಿಸಿಟ್ಟು ಸತ್ತಿದ್ದಾನೆ. ಗೋಡೆಯೊಳಗಿನ ಆ ಟಿಕ್ ಟಿಕ್ ಸದ್ದನ್ನು ಮರೆಮಾಚುವುದಕ್ಕೆಂದೇ ಜೊನಾಥನ್ ಮನೆ ತುಂಬ ಗಡಿಯಾರಗಳನ್ನು ಇಟ್ಟಿದ್ದಾನೆ.

ಶಾಲೆಯಲ್ಲಿ ಲೂಯಿಸ್‌ಗೆ ಟಾರ್ಬಿ ಎಂಬ ಜನಪ್ರಿಯ ಹುಡುಗನ ಸ್ನೇಹವಾಗುತ್ತದೆ. ಟಾರ್ಬಿಯ ಕೈಮೂಳೆ ಮುರಿದಿದ್ದು, ಅವನು ತನ್ನ ಎಂದಿನ ಆಟಗಾರರ ಗುಂಪಿನಿಂದ ಹೊರಗುಳಿದಿದ್ದ ದಿನಗಳವು. ಕೈ ವಾಸಿಯಾಗುತ್ತ ಬಂದಂತೆ ಸ್ನೇಹ ಸಡಿಲವಾಗುತ್ತದೆ. ಗೆಳೆಯನನ್ನು ಉಳಿಸಿಕೊಳ್ಳುವ ಹಂಬಲದಲ್ಲಿ ಲೂಯಿಸ್ ತನಗೆ ಸತ್ತವರನ್ನು ಎಬ್ಬಿಸಲು ಬರುತ್ತದೆ ಎಂದು ಬಡಾಯಿ ಕೊಚ್ಚುತ್ತಾನೆ. ಅಕ್ಟೋಬರ್ ಕೊನೆಯ ಹ್ಯಾಲೋವೀನ್ ಹಬ್ಬದ ನಡುರಾತ್ರಿಯಲ್ಲಿ ಇಬ್ಬರೂ ಸ್ಮಶಾನಕ್ಕೆ ಹೋಗುತ್ತಾರೆ. ಒಮೆಗಾ ಅಕ್ಷರದ ಗುರುತಿರುವ ಗೋರಿಯ ಮುಂದೆ ಲೂಯಿಸ್ ಕದ್ದು ಕಲಿತ ಮಂತ್ರವನ್ನು ಪ್ರಯೋಗಿಸುತ್ತಾನೆ. ಮಂತ್ರ ಫಲಿಸುತ್ತದೆ; ಎದ್ದು ಬಂದದ್ದು ಸೆಲೆನಾ. ಕೆಲವೇ ದಿನಗಳಲ್ಲಿ ಎದುರು ಮನೆಗೆ ಶ್ರೀಮತಿ ಒಮೆಗರ್ ಎಂಬ ಹೊಸ ನೆರೆಯವಳು ಬರುತ್ತಾಳೆ. ಗ್ರೀಕ್ ವರ್ಣಮಾಲೆಯ ಕೊನೆಯ ಅಕ್ಷರ ಆ ಹೆಸರಿನೊಳಗೇ ಅಡಗಿದೆ. ಅಂದಿನಿಂದ ಗೋಡೆಯ ಸದ್ದು ಜೋರಾಗುತ್ತ ಹೋಗುತ್ತದೆ.

5. ಎರಡು ಗುಟ್ಟುಗಳ ರಚನೆ

ಕಾದಂಬರಿಯ ರಚನೆಯನ್ನು ಸೂಕ್ಷ್ಮವಾಗಿ ಗಮನಿಸಿದರೆ ಅದರಲ್ಲಿ ಎರಡು ಗುಟ್ಟುಗಳು ವಿರುದ್ಧ ದಿಕ್ಕಿನಲ್ಲಿ ಚಲಿಸುವುದನ್ನು ಕಾಣಬಹುದು. ಮೊದಲರ್ಧದಲ್ಲಿ ಮನೆಯು ಹುಡುಗನಿಂದ ಒಂದು ವಿಷಯವನ್ನು ಮುಚ್ಚಿಡುತ್ತದೆ. ಆ ಗುಟ್ಟು ಹಂತಹಂತವಾಗಿ ಬಿಚ್ಚಿಕೊಳ್ಳುತ್ತ ಬರುತ್ತದೆ: ಗಡಿಯಾರಗಳು ಏಕೆ, ಜೊನಾಥನ್ ರಾತ್ರಿ ಏನನ್ನು ಹುಡುಕುತ್ತಾನೆ, ಐಜರ್ಡ್ ಯಾರು ಎಂಬ ಪ್ರಶ್ನೆಗಳಿಗೆ ಉತ್ತರ ದೊರೆಯುತ್ತದೆ. ಮನೆ ತನ್ನ ಗುಟ್ಟನ್ನು ಹುಡುಗನಿಗೆ ಹೇಳಿಯಾದ ಮೇಲೆ ಹುಡುಗನು ಮನೆಯಿಂದ ಒಂದು ವಿಷಯವನ್ನು ಮುಚ್ಚಿಡತೊಡಗುತ್ತಾನೆ. ಸ್ಮಶಾನದ ರಾತ್ರಿಯೇ ಈ ಎರಡು ಗುಟ್ಟುಗಳು ಸಂಧಿಸುವ ಬಿಂದು. ಅಲ್ಲಿಯವರೆಗೆ ಗೋಡೆಗೆ ಕಿವಿಗೊಡುತ್ತಿದ್ದ ಓದುಗ, ಅಲ್ಲಿಂದ ಮುಂದೆ ಲೂಯಿಸ್‌ನ ಎದೆಬಡಿತಕ್ಕೆ ಕಿವಿಗೊಡಬೇಕಾಗುತ್ತದೆ.

ಎರಡೂ ಗುಟ್ಟುಗಳ ಹಿಂದೆ ಇರುವುದು ಕೇಡಿನ ಉದ್ದೇಶವಲ್ಲ, ಪ್ರೀತಿ ಮತ್ತು ಭಯ. ತಬ್ಬಲಿ ಹುಡುಗ ಹೆದರಬಾರದೆಂದು ಜೊನಾಥನ್ ಸುಮ್ಮನಿರುತ್ತಾನೆ. ಪೋಷಕನ ಪ್ರೀತಿಯನ್ನು ಕಳೆದುಕೊಳ್ಳಬಾರದೆಂದು ಲೂಯಿಸ್ ಸುಮ್ಮನಿರುತ್ತಾನೆ. ತಂದೆ ತಾಯಿಯ ಮಗನಾಗಿರುವ ಹುಡುಗ ತಪ್ಪು ಮಾಡಿದರೆ ಬೈಗುಳಕ್ಕೆ ಗುರಿಯಾಗುತ್ತಾನೆ. ಮನೆಯಿಂದ ಹೊರಬೀಳುವ ಯೋಚನೆ ಅವನಿಗೆ ಬರುವುದಿಲ್ಲ. ಆದರೆ ಆಶ್ರಯಕ್ಕೆ ಬಂದ ಹುಡುಗನಿಗೆ ತನ್ನ ಇರವು ಒಳ್ಳೆಯ ನಡತೆಯ ಮೇಲೆ ನಿಂತಿದೆ ಎಂಬ ಅಳುಕು ಸದಾ ಇರುತ್ತದೆ. ಹಾಗಾಗಿ ಲೂಯಿಸ್‌ನ ಮೌನ ಕೇವಲ ಹೇಡಿತನದ ಮೌನವಲ್ಲ. ತನಗೆ ಇನ್ನೊಂದು ಮನೆ ಇಲ್ಲ ಎಂಬ ಅರಿವಿನ ಮೌನ ಅದು. ಕಾದಂಬರಿಯ ನಿಜವಾದ ಆತಂಕ ಇರುವುದು ಇಲ್ಲಿ. ಲೋಕ ಮುಳುಗುವ ಭಯಕ್ಕಿಂತ ಮನೆ ತಪ್ಪುವ ಭಯವೇ ಹತ್ತು ವರ್ಷದ ಹುಡುಗನಿಗೆ ದೊಡ್ಡದು.

ಮನೆಗೂ ಗುಟ್ಟಿಗೂ ಇರುವ ಈ ಸಂಬಂಧವನ್ನು ಸಿಗ್ಮಂಡ್ ಫ್ರಾಯ್ಡ್ 1919ರ ತನ್ನ ಪ್ರಬಂಧವೊಂದರಲ್ಲಿ ಭಾಷೆಯ ನೆಲೆಯಿಂದಲೇ ಚರ್ಚಿಸಿದ್ದಾನೆ. ಜರ್ಮನ್ ಭಾಷೆಯ 'ಹೈಮ್ಲಿಶ್' ಎಂಬ ಪದ ಮನೆ ಎಂಬ ಅರ್ಥದ ಧಾತುವಿನಿಂದ ಬಂದದ್ದು. ಅದಕ್ಕೆ ಮನೆಯ ಆಪ್ತತೆಯುಳ್ಳದ್ದು ಎಂಬ ಅರ್ಥವೂ ಮುಚ್ಚಿಟ್ಟದ್ದು ಎಂಬ ಅರ್ಥವೂ ಇದೆ. ಅದರ ವಿರುದ್ಧ ಪದವಾದ 'ಉನ್‌ಹೈಮ್ಲಿಶ್' ಮೈ ನಡುಗಿಸುವ ವಿಚಿತ್ರ ಅನುಭವವನ್ನು ಸೂಚಿಸುತ್ತದೆ. ಆಪ್ತವಾದದ್ದು ಮುಚ್ಚಿಟ್ಟದ್ದಾಗಿ, ಮುಚ್ಚಿಟ್ಟದ್ದು ಭಯಾನಕವಾಗಿ ಮರಳುವ ಪರಿಯನ್ನು ಫ್ರಾಯ್ಡ್ ಇದರಿಂದ ವಿವರಿಸುತ್ತಾನೆ. ಬೆಲೇರ್ಸ್ ಅವರ ಮನೆಯಲ್ಲಿ ಈ ಮೂರೂ ಅರ್ಥಗಳು ಏಕಕಾಲಕ್ಕೆ ಜೀವಂತವಾಗಿವೆ. ಬೆಚ್ಚಗಿನ ಅಗ್ಗಿಷ್ಟಿಕೆ, ತಿಂಡಿಯ ತಟ್ಟೆ, ಇಸ್ಪೀಟಿನ ಆಟ ಒಂದು ಕಡೆ. ಅದೇ ಗೋಡೆಯ ಹಿಂದೆ ಸಾವಿನ ಸದ್ದು ಇನ್ನೊಂದು ಕಡೆ.

ಕನ್ನಡದ ಗಾದೆಯೊಂದು ಇದೇ ವಿಷಯವನ್ನು ಬೇರೊಂದು ವಿವೇಕದಿಂದ ನೋಡುತ್ತದೆ. 'ಸಂಸಾರ ಗುಟ್ಟು, ವ್ಯಾಧಿ ರಟ್ಟು' ಎಂಬ ಮಾತು ಯಾವುದನ್ನು ಮುಚ್ಚಿಡಬೇಕು, ಯಾವುದನ್ನು ಮುಚ್ಚಿಡಬಾರದು ಎಂಬ ವಿಂಗಡಣೆಯನ್ನು ಮಾಡುತ್ತದೆ. ಮನೆಯ ಮಾತು ಹೊರಗೆ ಹೋಗಬಾರದು. ರೋಗವನ್ನು ಮಾತ್ರ ಹೇಳಿಕೊಂಡರೆ ಮದ್ದು ಸಿಕ್ಕೀತು. ಈ ಗಾದೆಯ ಬೆಳಕಿನಲ್ಲಿ ನೋಡಿದರೆ ಜೊನಾಥನ್ ಮತ್ತು ಲೂಯಿಸ್ ಇಬ್ಬರೂ ಮಾಡುವ ತಪ್ಪು ಒಂದೇ: ವ್ಯಾಧಿಯನ್ನು ಸಂಸಾರದ ಗುಟ್ಟೆಂದು ತಿಳಿದು ಬಚ್ಚಿಡುವುದು. ಸದ್ದನ್ನು ಸದ್ದಿನಿಂದ ಮುಚ್ಚುವ ಜೊನಾಥನ್‌ನ ಗಡಿಯಾರಗಳು ರೋಗವನ್ನು ವಾಸಿಮಾಡುವುದಿಲ್ಲ, ಅದರ ಲಕ್ಷಣವನ್ನು ಮರೆಸುತ್ತವೆ. ಹಿರಿಯನ ಈ ಮಾದರಿಯನ್ನೇ ಕಿರಿಯನು ತಿಳಿಯದೆ ಅನುಸರಿಸುತ್ತಾನೆ. ಮಕ್ಕಳು ಮುಚ್ಚಿಡುವುದನ್ನು ಕಲಿಯುವುದು ಹಿರಿಯರಿಂದಲೇ ಎಂಬ ಸತ್ಯವನ್ನು ಕಾದಂಬರಿ ಉಪದೇಶವಿಲ್ಲದೆ ಸೂಚಿಸುತ್ತದೆ.

6. ಗಡಿಯಾರ ಮತ್ತು ಕಾಲ

ಗಡಿಯಾರವು ಹಳೆಯ ಮನೆಯ ಕಥೆಗಳಲ್ಲಿ ಹೊಸ ವಸ್ತುವಲ್ಲ. ಪಿಯರ್ಸ್ ಅವರ ಕೃತಿಯ ಗಡಿಯಾರ ಟಾಮ್‌ನನ್ನು ಭೂತಕಾಲದ ತೋಟಕ್ಕೆ ಕರೆದೊಯ್ಯುತ್ತದೆ. ಅಲ್ಲಿ ಅವನಿಗೆ ದೊರೆತ ಗೆಳತಿ ಹ್ಯಾಟಿ, ಮನೆಯ ಮೇಲಂತಸ್ತಿನಲ್ಲಿ ವಾಸಿಸುವ ವೃದ್ಧೆಯೇ ಎಂದು ಕೊನೆಗೆ ತಿಳಿಯುತ್ತದೆ. ಅಲ್ಲಿ ಗಡಿಯಾರ ಎರಡು ತಲೆಮಾರುಗಳನ್ನು ಬೆಸೆಯುತ್ತದೆ. ಬೆಲೇರ್ಸ್ ಅವರ ಗಡಿಯಾರ ಹಿಂದಕ್ಕೆ ಕರೆದೊಯ್ಯುವುದಿಲ್ಲ. ಅದು ಮುಂದಿನದನ್ನು ಇಲ್ಲವಾಗಿಸಲು ಹೊರಟಿದೆ. ತಂದೆ ತಾಯಿಯನ್ನು ಕಳೆದುಕೊಂಡ ಹುಡುಗನಿಗೆ ಭೂತಕಾಲ ಈಗಾಗಲೇ ಮುಚ್ಚಿಹೋಗಿದೆ. ಭವಿಷ್ಯವೊಂದೇ ಅವನ ಪಾಲಿಗೆ ಉಳಿದಿರುವ ಆಸ್ತಿ. ಅದನ್ನೂ ಕಸಿಯಲು ಹೊರಟ ವಸ್ತು ಅವನ ಮಲಗುವ ಕೋಣೆಯ ಗೋಡೆಗಳಾಚೆಗೇ ಇದೆ.

ಕಥೆ ನಡೆಯುವ ವರ್ಷವೂ ಅರ್ಥಪೂರ್ಣವಾಗಿದೆ. ಹಿರೋಷಿಮಾ ಮತ್ತು ನಾಗಸಾಕಿಗಳ ಮೇಲೆ ಅಣುಬಾಂಬ್ ಬಿದ್ದದ್ದು 1945ರಲ್ಲಿ. 1947ರಲ್ಲಿ ಅಮೆರಿಕದ ಅಣುವಿಜ್ಞಾನಿಗಳ ಪತ್ರಿಕೆಯೊಂದು ತನ್ನ ಮುಖಪುಟದಲ್ಲಿ ಮಧ್ಯರಾತ್ರಿಗೆ ಏಳು ನಿಮಿಷ ಬಾಕಿಯಿರುವ ಗಡಿಯಾರದ ಚಿತ್ರವನ್ನು ಮುದ್ರಿಸಿತು. ಮನುಕುಲ ತನ್ನ ಅಂತ್ಯಕ್ಕೆ ಎಷ್ಟು ಸಮೀಪದಲ್ಲಿದೆ ಎಂಬುದನ್ನು ಸೂಚಿಸುವ ಆ ಪ್ರಳಯ ಗಡಿಯಾರ ಮುಂದೆ ಜಾಗತಿಕ ರೂಪಕವಾಯಿತು. ಅದರ ಮರುವರ್ಷದಲ್ಲಿ ನಡೆಯುವ ಕಥೆಯಲ್ಲಿ, ಲೋಕಾಂತ್ಯವನ್ನು ತರುವ ಗಡಿಯಾರವೊಂದು ಸಾಮಾನ್ಯ ಊರಿನ ಮನೆಯೊಳಗೆ ಅಡಗಿರುವುದನ್ನು ಓದುವಾಗ ಆ ಕಾಲದ ನೆರಳು ಕಾಣದಿರದು. ಲೇಖಕರು ಈ ಸಂಬಂಧವನ್ನು ಉದ್ದೇಶಪೂರ್ವಕವಾಗಿ ತಂದರೆಂದು ಸಾಧಿಸುವುದು ಇಲ್ಲಿನ ಉದ್ದೇಶವಲ್ಲ. ಹಿರಿಯರು ಮಾಡಿಟ್ಟ ಸರ್ವನಾಶದ ಸಾಧನದ ಪಕ್ಕದಲ್ಲಿ ಬೆಳೆಯಬೇಕಾದ ಮಕ್ಕಳ ಸ್ಥಿತಿಗೆ ಕಾದಂಬರಿಯ ಮನೆ ಸಹಜವಾಗಿ ಒಂದು ಪ್ರತಿಮೆಯಾಗಿ ಒದಗುತ್ತದೆ ಎಂಬುದಷ್ಟೇ ಇಲ್ಲಿ ಮುಖ್ಯ.

7. ಆಟದ ಮೂಲಕ ಪರಿಹಾರ

ಪತ್ತೇದಾರಿ ಕಥನದಲ್ಲಿ ರಹಸ್ಯವು ತರ್ಕದಿಂದ ಬಗೆಹರಿಯುತ್ತದೆ. ಈ ಕಾದಂಬರಿಯಲ್ಲಿ ತರ್ಕ ಸೋಲುತ್ತದೆ. ಜೊನಾಥನ್ ವರ್ಷಗಟ್ಟಲೆ ಗೋಡೆಗಳನ್ನು ತಟ್ಟಿ ನೋಡಿದರೂ ಗಡಿಯಾರ ಸಿಕ್ಕಿಲ್ಲ. ಸಂಕಟದ ಘಳಿಗೆಯಲ್ಲಿ ಉಪಾಯ ಸೂಚಿಸುವವನು ಲೂಯಿಸ್. ಐಜರ್ಡ್‌ನ ವಿದ್ಯೆ ಗಂಭೀರವಾದದ್ದು, ಲೆಕ್ಕಾಚಾರದ್ದು, ಕ್ರೂರವಾದದ್ದು. ಆದ್ದರಿಂದ ಅದರ ಎದುರು ಅರ್ಥವಿಲ್ಲದ, ತಮಾಷೆಯ, ತಲೆಕೆಳಗಾದ ಮಂತ್ರವಿಧಿಯನ್ನು ಹೂಡಬೇಕೆಂಬುದು ಅವನ ಸಲಹೆ. ಮೂವರೂ ಸೇರಿ ಆ ಹುಚ್ಚಾಟದಂಥ ವಿಧಿಯನ್ನು ನಡೆಸುತ್ತಾರೆ. ಅದರಿಂದ ದೊರೆತ ಸೂಚನೆ ಅವರನ್ನು ನೆಲಮಾಳಿಗೆಯ ಕಲ್ಲಿದ್ದಲಿನ ಜಾಗಕ್ಕೆ ಒಯ್ಯುತ್ತದೆ.

ಈ ಪರಿಹಾರದ ಬಗೆ ಕಥೆಯ ಆರಂಭದೊಡನೆ ತಾಳೆಯಾಗುತ್ತದೆ. ಲೂಯಿಸ್ ಮನೆಗೆ ಬಂದ ಮೊದಲ ರಾತ್ರಿ ಜೊನಾಥನ್ ಮತ್ತು ಶ್ರೀಮತಿ ಜಿಮ್ಮರ್‌ಮನ್ ಅವನನ್ನು ಕೂಡಿಸಿಕೊಂಡು ಹಳೆಯ ವಿದೇಶೀ ನಾಣ್ಯಗಳನ್ನು ಪಣವಿಟ್ಟು ಇಸ್ಪೀಟು ಆಡಿರುತ್ತಾರೆ. ಆ ಮನೆ ಅವನನ್ನು ಬರಮಾಡಿಕೊಂಡದ್ದು ಉಪದೇಶದಿಂದಲ್ಲ, ಆಟದಿಂದ. ಅದೇ ಆಟದ ಭಾಷೆಯಲ್ಲಿ ಅವನು ಮನೆಯನ್ನು ಉಳಿಸುವ ದಾರಿಯನ್ನು ತೋರಿಸುತ್ತಾನೆ. ಸ್ಮಶಾನದಲ್ಲಿ ಅವನು ಮಾಡಿದ ಮಂತ್ರಪ್ರಯೋಗ ಗೆಳೆಯನ ಮೆಚ್ಚುಗೆಗಾಗಿ ಮಾಡಿದ ಪ್ರದರ್ಶನವಾಗಿತ್ತು. ಇಲ್ಲಿನದು ತನ್ನವರೊಡನೆ ಸೇರಿ ಮಾಡಿದ ಆಟ. ಮೊದಲನೆಯದು ಸತ್ತದ್ದನ್ನು ಎಬ್ಬಿಸಿತು. ಎರಡನೆಯದು ಬದುಕಿರುವುದನ್ನು ಕಾಯಿತು.

ಕೊನೆಯ ಸಂಘರ್ಷದಲ್ಲಿ ಸೆಲೆನಾ ಹಿರಿಯರಿಬ್ಬರನ್ನೂ ಮಾಯೆಯಿಂದ ಸ್ತಬ್ಧಗೊಳಿಸುತ್ತಾಳೆ. ಕದಲಬಲ್ಲವನು ಹುಡುಗನೊಬ್ಬನೇ. ಓಟದಲ್ಲಿ ಹಿಂದುಳಿದವನು, ಚೆಂಡನ್ನು ಹಿಡಿಯಲಾರದವನು ಎಂದು ಶಾಲೆಯಲ್ಲಿ ನಗೆಪಾಟಲಾದ ಲೂಯಿಸ್ ಆ ಗಡಿಯಾರವನ್ನು ಕೈಗೆತ್ತಿಕೊಂಡು ನೆಲಕ್ಕೆ ಅಪ್ಪಳಿಸುತ್ತಾನೆ. ಲೋಕವನ್ನು ಮುಳುಗಿಸಬೇಕಿದ್ದ ಯಂತ್ರ ನೋಡಲು ಸಾಮಾನ್ಯ ಮನೆಬಳಕೆಯ ಗಡಿಯಾರದಂತೆಯೇ ಇರುವುದು ಲೇಖಕರ ಸೂಕ್ಷ್ಮ ವಿವೇಕಕ್ಕೆ ನಿದರ್ಶನ. ಕೇಡು ದೈತ್ಯಾಕಾರವಾಗಿರಬೇಕಾಗಿಲ್ಲ, ಹತ್ತು ವರ್ಷದ ಹುಡುಗನ ಎರಡು ಕೈಗಳು ಎತ್ತಬಲ್ಲಷ್ಟೇ ಅದರ ತೂಕ. ಆದರೆ ಅದನ್ನು ಎತ್ತುವ ಹೊಣೆಯನ್ನು ಯಾರಾದರೂ ಹೊರಬೇಕು. ಸೆಲೆನಾಳನ್ನು ಎಬ್ಬಿಸಿದ ಕೈಯೇ ಗಡಿಯಾರವನ್ನು ಒಡೆಯುವುದರಿಂದ, ಇದು ವೀರಕೃತ್ಯವೆನ್ನುವುದಕ್ಕಿಂತ ಪ್ರಾಯಶ್ಚಿತ್ತ ಎನ್ನುವುದು ಹೆಚ್ಚು ಸರಿ.

8. ರೂಪಾಂತರ ಮತ್ತು ಮಿತಿಗಳು

ಈ ಕಾದಂಬರಿಯನ್ನು ಆಧರಿಸಿ ಎಲಿ ರಾತ್ ನಿರ್ದೇಶಿಸಿದ, ಜ್ಯಾಕ್ ಬ್ಲ್ಯಾಕ್ ಮತ್ತು ಕೇಟ್ ಬ್ಲ್ಯಾಂಚೆಟ್ ನಟಿಸಿದ ಚಲನಚಿತ್ರ 2018ರಲ್ಲಿ ಬಿಡುಗಡೆಯಾಯಿತು. ಚಿತ್ರದಲ್ಲಿ ಕಥೆ 1955ಕ್ಕೆ ಸರಿದಿದೆ. ಗೋರಿಯಿಂದ ಏಳುವವನು ಸೆಲೆನಾಳ ಬದಲು ಐಸಾಕ್. ಗಡಿಯಾರ ಮನೆಯ ಅಡಿಯಲ್ಲಿ ಹರಡಿದ ಬೃಹತ್ ಯಂತ್ರವಾಗಿದೆ. ದೃಶ್ಯಮಾಧ್ಯಮದ ಅಗತ್ಯಗಳು ಈ ಬದಲಾವಣೆಗಳಿಗೆ ಕಾರಣವಾಗಿರಬಹುದು. ಆದರೆ ಗಡಿಯಾರ ದೊಡ್ಡದಾದಷ್ಟೂ ಹುಡುಗನ ಗುಟ್ಟು ಚಿಕ್ಕದಾಗಿ ಕಾಣುತ್ತದೆ ಎಂಬುದು ಗಮನಿಸಬೇಕಾದ ಅಂಶ. ಕಾದಂಬರಿಯ ಶಕ್ತಿ ಇರುವುದು ಕೇಳಿಸಿಯೂ ಕಾಣಿಸದ ಸದ್ದಿನಲ್ಲಿ. ಅದನ್ನು ಸಂಪೂರ್ಣವಾಗಿ ಕಾಣಿಸಿದಾಗ ಆ ಶಕ್ತಿ ಕುಂದುತ್ತದೆ.

ಕೃತಿಗೆ ಮಿತಿಗಳಿಲ್ಲವೆಂದಲ್ಲ. ತಂದೆ ತಾಯಿಯ ಸಾವಿನ ದುಃಖವನ್ನು ಕಾದಂಬರಿ ಬೇಗ ದಾಟಿಬಿಡುತ್ತದೆ. ಸೆಲೆನಾಳ ಕೇಡಿಗೆ ಮನುಷ್ಯಸಹಜವಾದ ಕಾರಣಗಳು ದೊರೆಯುವುದಿಲ್ಲ. ಆಕೆ ಕೇವಲ ದುಷ್ಟಶಕ್ತಿಯಾಗಿ ಉಳಿಯುತ್ತಾಳೆ. ಆದರೆ ಮಾಟಗಾತಿಯ ಸಿದ್ಧ ಮಾದರಿಯನ್ನು ಲೇಖಕರು ಪೂರ್ಣವಾಗಿ ಒಪ್ಪಿಕೊಂಡಿಲ್ಲ ಎಂಬುದಕ್ಕೆ ಶ್ರೀಮತಿ ಜಿಮ್ಮರ್‌ಮನ್ ಪಾತ್ರವೇ ಸಾಕ್ಷಿ. ಮಂತ್ರವಿದ್ಯೆಯಲ್ಲಿ ವಿಶ್ವವಿದ್ಯಾಲಯದ ಡಾಕ್ಟರೇಟ್ ಪಡೆದ ಆಕೆ ಜೊನಾಥನ್‌ಗಿಂತ ಸಮರ್ಥಳು, ಜೊತೆಗೆ ಲೂಯಿಸ್‌ಗೆ ತಾಯಿಯ ಆಸರೆಯನ್ನು ನೀಡುವವಳು. ರಕ್ತಸಂಬಂಧಿಯಾದ ಒಬ್ಬ, ರಕ್ತಸಂಬಂಧವಿಲ್ಲದ ನೆರೆಯವಳೊಬ್ಬಳು, ತಬ್ಬಲಿ ಹುಡುಗನೊಬ್ಬ - ಈ ಮೂವರಿಂದ ರೂಪುಗೊಳ್ಳುವ ಕುಟುಂಬ ರೂಢಿಯ ಕುಟುಂಬವಲ್ಲದಿದ್ದರೂ ಕುಟುಂಬವೇ ಹೌದೆಂದು ಕೃತಿ ಸ್ಥಾಪಿಸುತ್ತದೆ.

ಟಾರ್ಬಿಯ ಸ್ನೇಹ ಮರಳುವುದಿಲ್ಲ ಎಂಬುದೂ ಕೃತಿಯ ಪ್ರಾಮಾಣಿಕತೆಯನ್ನು ತೋರಿಸುತ್ತದೆ. ಸಾಹಸದ ಬಹುಮಾನವಾಗಿ ಕಳೆದುಹೋದ ಗೆಳೆಯನನ್ನು ತಂದುಕೊಡುವ ಸುಲಭದ ದಾರಿಯನ್ನು ಬೆಲೇರ್ಸ್ ಹಿಡಿಯಲಿಲ್ಲ. ಬದಲಾಗಿ ಕೊನೆಯಲ್ಲಿ ಲೂಯಿಸ್‌ಗೆ ರೋಸ್ ರೀಟಾ ಎಂಬ ಹುಡುಗಿಯ ಪರಿಚಯವಾಗುತ್ತದೆ. ಹಳೆಯ ಕಾಲದ ಫಿರಂಗಿಗಳ ಹೆಸರುಗಳನ್ನೆಲ್ಲ ಬಲ್ಲ ಆಕೆಯ ಮೆಚ್ಚುಗೆಯನ್ನು ಗಳಿಸಲು ಅವನು ಸತ್ತವರನ್ನು ಎಬ್ಬಿಸಬೇಕಾಗಿಲ್ಲ. 1975 ಮತ್ತು 1976ರಲ್ಲಿ ಬಂದ ಮುಂದಿನ ಎರಡು ಕಾದಂಬರಿಗಳಲ್ಲಿ ಈ ಸ್ನೇಹ ಬೆಳೆಯುತ್ತದೆ.

9. ಉಪಸಂಹಾರ

ಮಕ್ಕಳ ಸಾಹಿತ್ಯದಲ್ಲಿ ಭಯಕ್ಕೆ ಎಡೆಯಿರಬೇಕೇ ಎಂಬ ಪ್ರಶ್ನೆ ಆಗಾಗ ಚರ್ಚೆಗೆ ಬರುತ್ತದೆ. ಎಳೆಯ ಮನಸ್ಸುಗಳಿಗೆ ಕತ್ತಲೆಯ ಕಥೆಗಳು ತಕ್ಕುದಲ್ಲ ಎಂಬ ವಾದ ಜೊನಾಥನ್‌ನ ಗಡಿಯಾರಗಳಂತೆಯೇ ಒಳ್ಳೆಯ ಉದ್ದೇಶದ್ದು, ಅವುಗಳಂತೆಯೇ ನಿಷ್ಫಲವಾದದ್ದು. ಸಾವು, ತಬ್ಬಲಿತನ, ಸ್ನೇಹಭಂಗ, ತಪ್ಪಿತಸ್ಥ ಭಾವ ಇವುಗಳ ಸದ್ದು ಮಕ್ಕಳ ಕಿವಿಗೆ ಬೀಳುತ್ತಲೇ ಇರುತ್ತದೆ. ಹಿರಿಯರು ಅದನ್ನು ಬೇರೆ ಸದ್ದುಗಳಿಂದ ಮುಚ್ಚಿದರೆ ಮಗು ಒಂಟಿಯಾಗಿ ಅದನ್ನು ಕೇಳಿಸಿಕೊಳ್ಳುತ್ತದೆ, ಅಷ್ಟೇ. ಬೆಲೇರ್ಸ್ ಅವರ ಕಾದಂಬರಿ ಆ ಸದ್ದನ್ನು ಮಗುವಿನೊಡನೆ ಕುಳಿತು ಕೇಳುತ್ತದೆ.

ಒಟ್ಟಾರೆಯಾಗಿ ಹೇಳುವುದಾದರೆ, ಹಳೆಯ ಮನೆಗೆ ಬಂದ ಮಗುವಿನ ಕಥೆಯಲ್ಲಿ ಮನೆಯ ರಹಸ್ಯ ಬಯಲಾಗುವುದು ಕಥೆಯ ಅರ್ಧ ಭಾಗ ಮಾತ್ರ. ಮನೆಯ ಸಂತೋಷದಲ್ಲಿ ಪಾಲು ಪಡೆಯುವಷ್ಟರಿಂದ ನೆಂಟನು ಮನೆಯವನಾಗುವುದಿಲ್ಲ. ಅದರ ಕೇಡಿನಲ್ಲಿಯೂ ತನ್ನ ಪಾಲಿದೆ ಎಂದು ಅರಿತು, ಅದನ್ನು ಸರಿಪಡಿಸಲು ಮುಂದಾದಾಗ ಅವನು ಮನೆಯವನಾಗುತ್ತಾನೆ. ನೆಲಮಾಳಿಗೆಯಲ್ಲಿ ಗಡಿಯಾರ ಒಡೆದ ಮೇಲೆ ಹೈ ಸ್ಟ್ರೀಟಿನ ಆ ಮನೆಯ ಗೋಡೆಗಳು ಮೊದಲ ಬಾರಿಗೆ ಸುಮ್ಮನಾಗುತ್ತವೆ. ದೂರ ತಳ್ಳಲ್ಪಟ್ಟೆನೆಂಬ ಪ್ರಾರ್ಥನೆಯನ್ನು ಗೊಣಗುತ್ತ ಬಸ್ಸಿನಿಂದ ಇಳಿದ ಹುಡುಗನಿಗೆ ಆ ಮೌನವೇ ಉತ್ತರವಾಗಿ ಒದಗುತ್ತದೆ.